ತೊಳೆದು ತೊಳೆದು ಕೆಟ್ಟ ಫಿಲ್ಟರ್

ನಾಲ್ಕು ವರ್ಷದ ಹಿಂದಿನ ಬೇಸಿಗೆ. ನಾನಾಗ ಜಮಖಂಡಿಯಲ್ಲಿದ್ದುಕೊಂಡು ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನೀರಿನ ಫಿಲ್ಟರುಗಳನ್ನು ನೋಡಿಕೊಳ್ಳುವ ಸರ್ವಿಸ್ ಎಂಜಿನಿಯರ್. ಕೆಲಸದಲ್ಲಿ ಹೆಸರಿತ್ತು, ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಒಂದು ಗುರುವಾರ ಜಮಖಂಡಿಯ ಈಜುಕೊಳವೊಂದರಿಂದ ಫೋನು ಬಂತು. ಅದನ್ನು ನಡೆಸುತ್ತಿದ್ದವರು ನಿವೃತ್ತ ಪಿ.ಟಿ. ಟೀಚರ್ ಸುನಂದಾಬಾಯಿ. ಹೋಗಿ ನೋಡಿದರೆ ಕೊಳದ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಆಳದ ಕಡೆ ತಳದಲ್ಲಿ ನೀರು ಹೊರಹೋಗುವ ಜಾಲರಿ ಕಾಣುತ್ತಿರಲಿಲ್ಲ. ಜಾಲರಿ ಕಾಣದ ಕೊಳಕ್ಕೆ ಯಾರನ್ನೂ ಇಳಿಸಬಾರದು. ಒಬ್ಬರು ಮುಳುಗಿದರೂ ದಡದಲ್ಲಿದ್ದವರಿಗೆ ತಿಳಿಯುವುದಿಲ್ಲ.

“ಐತವಾರದೊಳಗ ನೀರು ತಿಳಿ ಆಗಲಿಲ್ಲಂದ್ರ ಈರಪ್ಪನ್ನ ಬಿಡಿಸಿ ಬ್ಯಾರೆದವ್ರನ್ನ ಇಡತೇವ್ರಿ,” ಎಂದರು ಸುನಂದಾಬಾಯಿ. ಭಾನುವಾರಕ್ಕೆ ಇದ್ದದ್ದು ಮೂರೇ ದಿನ.

ಈರಪ್ಪ ಅಲ್ಲಿಯ ಆಪರೇಟರ್. ಐವತ್ತು ದಾಟಿದವನು, ಮೊದಲು ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಆ ಕೆಲಸ ನಿಂತ ಮೇಲೆ ಇಲ್ಲಿ ಸೇರಿದ್ದ. ಇದೂ ಹೋದರೆ ಆ ವಯಸ್ಸಿನಲ್ಲಿ ಇನ್ನೊಂದು ಸಿಗುವುದು ಕಷ್ಟವಿತ್ತು. ಸುನಂದಾಬಾಯಿಯ ಮಾತು ಕೇಳಿ ಅವನು ಕಂಬಕ್ಕೆ ಒರಗಿ ನಿಂತುಬಿಟ್ಟ.

ಮರಳಿನ ಫಿಲ್ಟರ್ ಎಂದರೆ ಮರಳು ತುಂಬಿದ ದೊಡ್ಡ ಟ್ಯಾಂಕು. ಪಂಪು ಕೊಳದ ನೀರನ್ನು ಅದರೊಳಗೆ ಹಾಯಿಸುತ್ತದೆ, ಕೊಳೆ ಮರಳಿನಲ್ಲಿ ಉಳಿಯುತ್ತದೆ. ಕೊಳೆ ಹೆಚ್ಚಾದಾಗ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯುತ್ತೇವೆ, ಅದೇ ಬ್ಯಾಕ್‌ವಾಶ್. ಈರಪ್ಪ ಮೈಗಳ್ಳ, ತೊಳೆದೇ ಇಲ್ಲ ಎಂದು ನಾನು ನೋಡುವ ಮೊದಲೇ ತೀರ್ಮಾನಿಸಿ, ಎಲ್ಲರೆದುರು ಬೈದೆ.

ಪಂಪು ನಿಲ್ಲಿಸಿ, ಮುಚ್ಚಳ ತೆಗೆದು, ಒಂದು ಬೊಗಸೆ ಮರಳನ್ನು ಬಕೆಟ್ಟಿನ ನೀರಿಗೆ ಹಾಕಿ ಕಲಕಿದೆ. ನೀರು ಕದಡಲೇ ಇಲ್ಲ. ಬಳಕೆಯಲ್ಲಿರುವ ಫಿಲ್ಟರಿನಲ್ಲಿ ಅಷ್ಟು ಚೊಕ್ಕ ಮರಳನ್ನು ನಾನು ಕಂಡೇ ಇರಲಿಲ್ಲ.

“ಎಷ್ಟ ದಿನಕ್ಕೊಮ್ಮೆ ತೊಳೀತಿ ಈರಪ್ಪಾ?” ಎಂದೆ.

“ದಿನಾ ಎರಡ ಸಲ ರೀ ಸಾಹೇಬ್ರ. ನೂಲು ತೊಳ್ಯಾಗ ನೀರು ತಿಳಿ ಆಗೂತನಾ ಕೈ ಬಿಡತಿದ್ದಿಲ್ರಿ. ಇದನ್ನ ಹೊಲಸ ಹೆಂಗ ಬಿಡ್ಲಿ? ಫಿಲ್ಟರ್ ಸ್ವಚ್ಛ ಇಡು ಅಂತ ನೀವ ಹೇಳಿದ್ರೆಲ್ಲಾ.”

ನಿಜ. ಫಿಲ್ಟರ್ ಕೂಡಿಸಿದ ದಿನ ಅಷ್ಟೇ ಹೇಳಿ ಹೊರಟವನು ನಾನೇ. ಮರಳಿನ ಮೇಲೆ ತುಸು ಕೊಳೆ ಕೂತರೇ ಅದು ಇನ್ನೂ ಸಣ್ಣ ಕೊಳೆಯನ್ನು ಹಿಡಿಯುವುದು. ದಿನಕ್ಕೆರಡು ಸಲ ತೊಳೆದರೆ ಸಣ್ಣ ಧೂಳೆಲ್ಲ ಮರಳಿನಿಂದ ನುಸುಳಿ ಮತ್ತೆ ಕೊಳಕ್ಕೇ ವಾಪಸ್. ಅತಿಯಾದರೆ ಅಮೃತವೂ ವಿಷವೇ. ಒತ್ತಡ ತೋರಿಸುವ ಪ್ರೆಷರ್ ಗೇಜಿನ ಮುಳ್ಳು, ತೊಳೆದಾಗ ಇದ್ದದ್ದಕ್ಕಿಂತ ಅರ್ಧ ಕೆಜಿ ಮೇಲೇರಿದಾಗ ಮಾತ್ರ ತೊಳೆಯಬೇಕು ಎಂಬುದನ್ನು ಅವನಿಗೆ ಹೇಳಿರಲೇ ಇಲ್ಲ. ನನಗೆ ನಾಚಿಕೆಯಾಯಿತು. ಬಾಯಿಯವರನ್ನು ಕರೆದು, “ತಪ್ಪು ಅವಂದಲ್ರಿ, ನಂದು,” ಎಂದೆ.

“ಯಾರದರ ಇರ್ಲಿ, ನೀರು ತಿಳಿ ಆಗಬೇಕಲ್ರಿ,” ಎಂದರು ಅವರು.

ಕ್ಲೋರಿನ್ ಸರಿಪಡಿಸಿ, ಪಂಪನ್ನು ಬಿಡುವಿಲ್ಲದೆ ಓಡಿಸಿದೆವು. ಬ್ಯಾಕ್‌ವಾಶ್ ವಾಲ್ವಿನ ಹಿಡಿಕೆ ಮುಟ್ಟಬಾರದೆಂದು ಈರಪ್ಪನಿಗೆ ತಾಕೀತು ಮಾಡಿದೆ. ಶುಕ್ರವಾರ ಏನೂ ಬದಲಾಗಲಿಲ್ಲ. ಶನಿವಾರ ಸಂಜೆ ಜಾಲರಿ ಮಸುಕಾಗಿ ಕಂಡಿತು. ಭಾನುವಾರ ಮುಂಜಾನೆ ಬಾಯಿ ದಡದಲ್ಲಿ ನಿಂತು ಅದರ ಕಂಡಿಗಳನ್ನೇ ಎಣಿಸಿದರು. “ಈರಪ್ಪಾ, ನಾಳೆ ಆರಕ್ಕ ಗೇಟ್ ತಗೀ,” ಎಂದರು. ಈರಪ್ಪ ಟಾವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದ.

ಕೆಲಸ ಕಲಿಸುವಾಗ ಯಾವಾಗ ಮಾಡಬೇಕು ಎಂಬುದರಷ್ಟೇ ಯಾವಾಗ ಸುಮ್ಮನಿರಬೇಕು ಎಂಬುದನ್ನೂ ಹೇಳಬೇಕು. ಆಮೇಲೆ ನಾನು ಅದನ್ನು ಹೇಳದೆ ಯಾವ ಪ್ಲಾಂಟಿನಿಂದಲೂ ಹೊರಟಿಲ್ಲ. ಆ ಭಾನುವಾರ, ಬೈದದ್ದಕ್ಕೆ ತಪ್ಪಾಯಿತು ಎಂದು ನಾನು ಹೇಳಿದಾಗ ಈರಪ್ಪ ನಕ್ಕುಬಿಟ್ಟ.

“ಬೈದಿದ್ದು ಬಿಡ್ರಿ ಸಾಹೇಬ್ರ. ಮೂರು ದಿನ ಕೈ ಕಟಗೊಂಡು ಕುಂತೆನಲ್ರಿ, ಅದ ಭಾಳ ತ್ರಾಸ ಆತು.”