ತಾಮ್ರದ ನೀರಿನ ಗೋದಮ್ಮ

ಚಾಮರಾಜಪೇಟೆಯ ಆ ಬೀದಿಯಲ್ಲಿ ಯಾರಿಗೆ ಹೊಟ್ಟೆ ನುಲಿದರೂ, ತಲೆ ಸಿಡಿದರೂ ಗೋದಮ್ಮನ ಬಳಿ ಒಂದೇ ಮದ್ದು: ರಾತ್ರಿಯಿಡೀ ತಾಮ್ರದ ಬಿಂದಿಗೆಯಲ್ಲಿಟ್ಟ ನೀರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಸಂಧಿ ಸಮಾಸ ಮರೆತ ಶಿಷ್ಯೆಯರೂ ಆ ನೀರನ್ನು ಮರೆತಿಲ್ಲ. ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಫಳಫಳ ಉಜ್ಜುವ ತನಕ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ.

ಹಿತ್ತಲ ಕಲ್ಲುತೊಟ್ಟಿಯಲ್ಲಿ ಸೊಳ್ಳೆ ಹುಟ್ಟದಿರಲೆಂದು ಅವರ ಯಜಮಾನರು ರಾಘವ ಒಂದಷ್ಟು ಮೀನು ತಂದು ಬಿಟ್ಟರು. "ಅಯ್ಯೋ, ಮಡಿ ಮನೇಲಿ ಮೀನು ಸಾಕೋದಾ?" ಎಂದು ರೇಗಿದ ಗೋದಮ್ಮನೇ ವಾರದೊಳಗೆ ಅವುಗಳ ತಾಯಿಯಾದರು. ಅನ್ನದ ಅಗುಳು ನೀರಿಗೆ ಬೀಳುವುದೇ ತಡ, ಮೀನುಗಳೆಲ್ಲ ಮೂಲೆಮೂಲೆಯಿಂದ ನುಗ್ಗಿ ಬರುತ್ತಿದ್ದವು. ಅದನ್ನು ನೋಡದೆ ಅವರಿಗೆ ಬೆಳಗಾಗುತ್ತಿರಲಿಲ್ಲ.

ಒಂದು ದಿನ ಒಂದು ಮೀನು ಮಂಕಾಯಿತು. ಗೋದಮ್ಮ ಅಕ್ಕರೆಯಿಂದ ಒಂದು ಬಿಂದಿಗೆ ತಾಮ್ರದ ನೀರು ಸುರಿದರು. ಮರುದಿನ ಉಳಿದವೂ ಮೇಲೆ ಬಂದು ಬಾಯಿ ಬಿಡತೊಡಗಿದವು. ಇನ್ನೊಂದು ಬಿಂದಿಗೆ ಸುರಿದರು. ಉಪಚಾರ ಹೆಚ್ಚಿದಂತೆ ಮೀನುಗಳು ಕಡಿಮೆಯಾದವು. ಕೊನೆಗೆ ಒಂದೇ ಒಂದು ಉಳಿದಾಗ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ್ದ ಪಕ್ಕದ ಮನೆಯ ಚಂದ್ರಶೇಖರಯ್ಯನವರನ್ನು ಕರೆಸಿದರು.

"ತೊಟ್ಟಿಗೆ ಸುರಿದ ನೀರು ಯಾವುದರಲ್ಲಿ ಇಟ್ಟಿದ್ರಿ, ಟೀಚರ್?"

"ತಾಮ್ರದ ಬಿಂದಿಗೇಲಿ. ಇನ್ಯಾವುದ್ರಲ್ಲಿ ಇಡ್ತಾರೆ?"

ಅವರು ತಲೆ ಕೆರೆದುಕೊಂಡರು. "ನಮಗೆ ಅಷ್ಟು ತಾಮ್ರ ಏನೂ ಮಾಡಲ್ಲ. ಮೀನಿಗೆ ಕಿವಿರೇ ಕೆಟ್ಟುಹೋಗತ್ತೆ, ಉಸಿರಾಡಕ್ಕಾಗಲ್ಲ. ನೀವು ಉಜ್ಜಿ ಉಜ್ಜಿ ಹೊಳೆಸಿದಷ್ಟೂ ತಾಮ್ರ ನೀರಿಗೆ ಜಾಸ್ತಿ ಇಳಿಯತ್ತೆ. ಕಾರ್ಖಾನೆ ನೀರು ಕೆರೆ ಮೀನಿಗೆ ಮಾಡೋದೂ ಇದನ್ನೇ."

ಗೋದಮ್ಮ ತೊಟ್ಟಿಯ ಅಂಚಿನಲ್ಲೇ ಕೂತರು. 'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಎಷ್ಟು ಪರೀಕ್ಷೆಗಳಲ್ಲಿ ಕೇಳಿದ್ದರೋ! ಕಾರ್ಖಾನೆಯವರಿಗೆ ಲಾಭದ ಆಸೆ, ಇವರದು ಬರೀ ಪ್ರೀತಿ. ಮೀನಿನ ಕಿವಿರಿಗೆ ಆ ಭೇದ ತಿಳಿಯದು. ಅಂದು ಅವರು ಊಟ ಮಾಡಲಿಲ್ಲ. ಹೊಸ್ತಿಲು ದಾಟಲು ಬಿಡದಿದ್ದ ಪ್ಲಾಸ್ಟಿಕ್ ಬಕೆಟ್ಟನ್ನು ತಾವೇ ತಂದು, ತೊಟ್ಟಿ ಬರಿದು ಮಾಡಿ ಹೊಸ ನೀರು ತುಂಬಿಸಿದರು.

ಮೀನು ಬದುಕಿತು. ಆದರೆ ಅಗುಳು ಹಾಕಿದರೆ ಅತ್ತ ತಿರುಗಲೇ ಇಲ್ಲ.

"ಮೀನು ಆಹಾರ ಹುಡುಕೋದು ವಾಸನೆಯಿಂದ. ತಾಮ್ರಕ್ಕೆ ಆ ಶಕ್ತಿ ಹೋಗಿರ್ಬೇಕು," ಎಂದರು ಚಂದ್ರಶೇಖರಯ್ಯ. "ವಾಪಸ್ ಬಂದ್ರೂ ಬರಬಹುದು."

ಈಗ ಗೋದಮ್ಮ ದಿನಾ ಮೊಣಕೈವರೆಗೆ ನೀರಿನಲ್ಲಿ ಕೈಯಿಳಿಸಿ, ಅಗುಳನ್ನು ಅದರ ಬಾಯ ಬಳಿಯೇ ಹಿಡಿಯುತ್ತಾರೆ. "ಇಲ್ಲಿದೆ ಕಣೋ, ಇಲ್ಲಿ," ಎನ್ನುತ್ತಾರೆ. ಹಸಿದ ಮೀನು ಅವರ ಬೆರಳನ್ನು ಸವರಿಕೊಂಡು ಮುಂದೆ ಹೋಗುತ್ತದೆ.