ನಿನ್ನೆಯ ಬಸ್ಸಾರಿಗೆ ಚೀಟಿ ಇಲ್ಲ

ಶಾರ್ಜಾದ ಹೋಟೆಲಿನ ಅಡುಗೆಮನೆಗೆ ನಾನು ಕಾಲಿಟ್ಟ ಮೊದಲ ದಿನವೇ ಒಂದು ದೊಡ್ಡ ಪಾತ್ರೆ ತುಂಬ ಸಾಂಬಾರನ್ನು ಮೋರಿಗೆ ಸುರಿದರು. ಹಳಸಿರಲಿಲ್ಲ, ನೊಣ ಬಿದ್ದಿರಲಿಲ್ಲ, ಘಮ್ಮೆನ್ನುತ್ತಿತ್ತು. ಪಾತ್ರೆಗೆ ಅಂಟಿಸಿದ್ದ ಬಿಳಿ ಚೀಟಿಯಲ್ಲಿ ಬರೆದ ಹೊತ್ತು ಮೀರಿತ್ತು, ಅಷ್ಟೇ. ಸುರಿದ ಕೇರಳದ ಅಡುಗೆಯವನು ನಲ್ಲಿ ಬಿಟ್ಟು ಕೈ ತೊಳೆದುಕೊಂಡು "ಖಲಾಸ್" ಅಂದ. ಮುಗಿಯಿತು ಅನ್ನುವುದಕ್ಕೆ ಅಲ್ಲಿ ಎಲ್ಲರೂ ಆಡುವ ಅರಬ್ಬಿ ಮಾತು ಅದು. ನಾನು ನಾಗಮಂಗಲ ತಾಲೂಕು ದೇವಲಾಪುರದವನು, ಮುಗಿಲು ನೋಡಿಕೊಂಡು ರಾಗಿ ಬಿತ್ತುವ ಊರಿನವನು. ತಟ್ಟೆಯಲ್ಲಿ ಎರಡು ತುತ್ತು ಬಿಟ್ಟರೆ ಅವ್ವ ಬೆನ್ನಿಗೆ ಗುದ್ದುತ್ತಿದ್ದಳು. ಇವರು ಐವತ್ತು ಜನರ ಸಾರನ್ನು ಚೀಟಿ ನೋಡಿ ಚೆಲ್ಲುತ್ತಾರಲ್ಲಪ್ಪಾ ಎಂದು ಆವತ್ತು ನಾನು ಊಟವನ್ನೇ ಮಾಡಲಿಲ್ಲ.

ಅದಕ್ಕೆ ಮುಂಚೆ ಒಂಬತ್ತು ವರ್ಷ ನಾನು ಕೆ.ಆರ್. ಪೇಟೆ ತಾಲೂಕಿನ ಮಾಕವಳ್ಳಿಯಲ್ಲಿ ಸಿದ್ದಣ್ಣನ ಮೆಸ್ಸಿನಲ್ಲಿದ್ದೆ. ಸಕ್ಕರೆ ಕಾರ್ಖಾನೆಗೆ ಕಬ್ಬು ತರುವ ಗಾಡಿಯವರು, ಟ್ರಾಕ್ಟರಿನವರು ಅಲ್ಲಿಯೇ ಉಣ್ಣುತ್ತಿದ್ದದ್ದು. ಸಿದ್ದಣ್ಣ ನನಗಿಂತ ಹನ್ನೆರಡು ವರ್ಷ ದೊಡ್ಡವನು, ರಕ್ತಸಂಬಂಧವೇನಲ್ಲ. ಆದರೆ ಸೌಟು ಹಿಡಿಯುವುದನ್ನು ಕಲಿಸಿದವನು ಅವನೇ. ಅವನ ಹೆಂಡತಿ ಸಾಕಮ್ಮನನ್ನು ನಾನು ಅತ್ತಿಗೆ ಎಂದೇ ಕರೆಯುವುದು. ಆ ಮೆಸ್ಸಿನಲ್ಲಿ ಒಂದು ಪದ್ಧತಿ ಇತ್ತು. ಸೊಪ್ಪು ಕಾಳು ಬೇಯಿಸಿ, ಬಸಿದ ನೀರಿನಲ್ಲಿ ಮಾಡುವ ಬಸ್ಸಾರು ಮಾರನೆಯ ದಿನಕ್ಕೇ ರುಚಿ ಎಂದು ನಮ್ಮ ಕಡೆಯವರಿಗೆಲ್ಲ ಗೊತ್ತು. ಗಿರಾಕಿಗಳಿಗೆ ದಿನಾ ಹೊಸದು. ನಿನ್ನೆಯದನ್ನು ಕಾಯಿಸಿ, ಬಾಗಿಲು ತೆಗೆಯುವ ಮುಂಚೆ ಒಲೆಯ ಪಕ್ಕದಲ್ಲಿ ಕೂತು ನಾವು ಮೂವರೂ ಉಣ್ಣುತ್ತಿದ್ದೆವು. ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ದಿನ ನನಗೂ ಹೊಸ ಸಾರನ್ನೇ ಹಾಕುತ್ತಿದ್ದರು. ಒಂದು ಬೆಳಿಗ್ಗೆ ಸಿದ್ದಣ್ಣ, "ಬಾರ್ಲಾ ಪುಟ್ರಾಜ ಇಲ್ಲಿ, ನೆನ್ನೇದು ಐತೆ, ಕೂತ್ಕೊ" ಅಂದ. ಆವತ್ತಿನಿಂದ ನಾನು ಆ ಮನೆಯವನಾದೆ.

ಊರಿನ ಮೆಸ್ಸಿನ ಹಿಂದೆ ಹುಣಸೆಮರ, ಬಾವಿ. ಶಾರ್ಜಾದಲ್ಲಿ ಒಂದು ಕೋಣೆ, ಎಂಟು ಮಂಚ, ಒಂದರ ಮೇಲೊಂದು. ಕೆಳಗೆ ಬಿಹಾರಿನವನು, ಮೇಲೆ ನಾನು, ಎದುರಿಗೆ ಪೇಶಾವರದ ಡ್ರೈವರು. ನನಗೆ ಬರುತ್ತಿದ್ದದ್ದು ಕನ್ನಡ ಒಂದೇ, ಅದೂ ಮಂಡ್ಯದ್ದು. ಹಿಂದಿಯನ್ನು ಈರುಳ್ಳಿ ಹೆಚ್ಚುತ್ತಾ, ಮಲಯಾಳವನ್ನು ಪಾತ್ರೆ ಉಜ್ಜುತ್ತಾ ಕಲಿತೆ. ಎಲ್ಲಕ್ಕಿಂತ ಮೊದಲು ಕಲಿತ ಪದ ಬಲದಿಯಾ. ಅಂದರೆ ನಗರಸಭೆ. ಅಡುಗೆಮನೆಯಲ್ಲಿ "ಬಲದಿಯಾ ಬಂತು" ಅಂದರೆ ತಪಾಸಣೆಯವರು ಬಾಗಿಲಲ್ಲಿದ್ದಾರೆ ಎಂದರ್ಥ. ಆ ಮಾತು ಕಿವಿಗೆ ಬಿದ್ದರೆ ಸಾಕು, ಕೈಯಲ್ಲಿದ್ದ ಸೌಟು ತಾನಾಗಿ ನೆಟ್ಟಗಾಗುತ್ತಿತ್ತು. ನಮ್ಮ ಕಡೆ ಹೋಟೆಲಿಗೆ ಯಾರಾದರೂ ಅಧಿಕಾರಿ ಬಂದರೆ ಕಾಫಿ ಕೊಟ್ಟು ಕೂರಿಸುತ್ತಿದ್ದೆವು. ಇಲ್ಲಿ ಅವರು ನೀರೂ ಮುಟ್ಟುವುದಿಲ್ಲ, ನೇರ ಹೋಗಿ ಫ್ರಿಜ್ಜಿನ ಬಾಗಿಲು ತೆಗೆಯುತ್ತಾರೆ.

ಇಲ್ಲಿ ಅಡುಗೆಯವನಿಗೂ ಪಾಠ, ಪರೀಕ್ಷೆ, ಆರೋಗ್ಯದ ಕಾರ್ಡು. ಹಸಿ ಮಾಂಸಕ್ಕೆ ಕೆಂಪು ಹಲಗೆ, ತರಕಾರಿಗೆ ಹಸಿರು. ಮಾಡಿದ ಅಡುಗೆ ಐದು ಡಿಗ್ರಿಗಿಂತ ತಣ್ಣಗಿರಬೇಕು, ಇಲ್ಲವೆ ಅರವತ್ತಕ್ಕಿಂತ ಬಿಸಿಯಿರಬೇಕು. ನಡುವೆ ಇರುವುದೆಲ್ಲ ಅಪಾಯ. ಪ್ರತಿ ಪಾತ್ರೆಗೂ ಮಾಡಿದ ದಿನ, ಎಸೆಯುವ ದಿನ ಬರೆದ ಚೀಟಿ. ಮೊದಮೊದಲು ಇದೆಲ್ಲ ಕೆಲಸವಿಲ್ಲದವರ ಉಪದ್ವ್ಯಾಪ ಅನ್ನಿಸಿತು. ಪಾಠ ಕೇಳಿದ ಮೇಲೆ, ಊರಿನ ಮದುವೆ ಊಟಗಳ ಮಾರನೆಯ ದಿನ ಆಸ್ಪತ್ರೆಯ ಮುಂದೆ ನಿಲ್ಲುತ್ತಿದ್ದ ಸಾಲು ಯಾಕೆಂದು ಅರ್ಥವಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನಾನು ಮೇಲ್ವಿಚಾರಕರ ಪರೀಕ್ಷೆಯಲ್ಲಿ ಒಂದೇ ಏಟಿಗೆ ಪಾಸಾದೆ! ಸರ್ಟಿಫಿಕೇಟನ್ನು ಅಡುಗೆಮನೆಯ ಗೋಡೆಗೆ ಹಾಕಿದರು. ಅದರ ಪಕ್ಕ ನಿಂತು ತೆಗೆಸಿಕೊಂಡ ಫೋಟೋವನ್ನು ಊರಿಗೆಲ್ಲ ಕಳಿಸಿದೆ. ಆ ಅಡುಗೆಮನೆಯಲ್ಲಿ ಏನೇ ತಪ್ಪಾದರೂ ಜವಾಬ್ದಾರಿ ನನ್ನದು ಎಂದು ಆ ಸರ್ಟಿಫಿಕೇಟಿನ ಅರ್ಥ. ಅದನ್ನು ಆಗ ನಾನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಕನ್ನಡದವರು ಬಹಳ ಬರುತ್ತಾರೆ, ಮುದ್ದೆ ಊಟ ಶುರು ಮಾಡೋಣ ಎಂದು ಮಾಲೀಕರು ಒಂದು ದಿನ ಅಂದರು. ಮುದ್ದೆ ಅಂದ ಕೂಡಲೇ ನನ್ನ ಎದೆ ಉಬ್ಬಿತು. ನನ್ನ ಗುರುವನ್ನೇ ಕರೆಸುತ್ತೇನೆ ಅಂದೆ. ಸಿದ್ದಣ್ಣ ಒಪ್ಪಲಿಲ್ಲ. "ನಂಗ್ಯಾಕ್ಲಾ ಆ ದೇಸ? ಇಲ್ಲೇನ್ ಕಮ್ಮಿಯಾಗದೆ?" ಅಂದ. ನಾನು ಬಿಡಲಿಲ್ಲ. ದಿನ ಬಿಟ್ಟು ದಿನ ಫೋನು ಮಾಡಿ ತಲೆ ತಿಂದೆ. ಕೊನೆಗೆ ಮೆಸ್ಸನ್ನು ಅತ್ತಿಗೆಗೆ ಬಿಟ್ಟು ಬಂದ. ಅವನಿಗೆ ದುಡ್ಡಿನ ಆಸೆಗಿಂತ ನನ್ನ ಮಾತು ಮೀರಬಾರದೆಂಬ ದಾಕ್ಷಿಣ್ಯವೇ ಹೆಚ್ಚಿತ್ತು. ನನಗೆ ಬೇಕಾಗಿದ್ದದ್ದು ಜೊತೆ. ಒಂಟಿತನ ಅನ್ನುವುದು ನನ್ನನ್ನು ಅಷ್ಟು ಹಿಂಡಿತ್ತು, ಒಪ್ಪಿಕೊಳ್ಳಲು ನಾಚಿಕೆ.

ಬಂದ ವಾರವೇ ಕೈಗವಸಿನ ಜಗಳ. ನಮ್ಮಲ್ಲಿ ಕೈಯನ್ನು ನೀರಿನಲ್ಲಿ ಅದ್ದಿ ಹಿಟ್ಟು ಮುಟ್ಟಿ ನೋಡುತ್ತೇವೆ. ಅಂಟದಿದ್ದರೆ ಮುದ್ದೆ ಬೆಂದಿದೆ.

"ಈ ರಬ್ಬರ್ರು ಆಕ್ಕಂಡ್ರೆ ಬೆಂದದೋ ಇಲ್ವೋ ಎಂಗ್ಲಾ ಗೊತ್ತಾಯ್ತದೆ?" ಅಂದ ಸಿದ್ದಣ್ಣ.

"ರೂಲ್ಸು ಕಣಣ್ಣ."

"ನಿನ್ ರೂಲ್ಸ್ ಮನೆ ಕಾಯ್ವಾಗ" ಎಂದು ಬೈಯುತ್ತಲೇ ಹಾಕಿಕೊಂಡ.

ಅವನಿಗೂ ಪಾಠವಾಯಿತು. ಪಾಠದ ಕೋಣೆಯಲ್ಲಿ ಎಲ್ಲರ ಅಂಗೈಗೂ ಒಂದು ಮುಲಾಮು ಸವರಿ, ಕೈ ತೊಳೆದು ಬರಲು ಹೇಳಿದರು. ಬಂದ ಮೇಲೆ ನೀಲಿ ಬೆಳಕಿನ ಕೆಳಗೆ ಹಿಡಿಸಿದರು. ಸರಿಯಾಗಿ ತೊಳೆಯದ ಕಡೆ ಮುಲಾಮು ಮಿಂಚುತ್ತದೆ. ನನ್ನ ಉಗುರಿನ ಸುತ್ತ ಮಿಂಚಿತು, ಎಲ್ಲರದೂ ಅಷ್ಟಿಷ್ಟು ಮಿಂಚಿತು. ಸಿದ್ದಣ್ಣನ ಕೈಯಲ್ಲಿ ಒಂದು ಚುಕ್ಕೆಯೂ ಇಲ್ಲ. ಹುಣಸೆಹಣ್ಣು ಹಚ್ಚಿ ಮೊಣಕೈವರೆಗೆ ತಿಕ್ಕಿ ತೊಳೆಯುವ ಅಭ್ಯಾಸ ಅವನದು. ಪಾಠ ಹೇಳುವವರು ಆ ಕೈಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ಅವನು ಹೊಸ ಮದುವಣಿಗನಂತೆ ನಾಚಿಕೊಂಡ.

ಇಷ್ಟಾದರೂ ನಾನು ಸುಮ್ಮನಿರಬಾರದೇ? ಒಂದು ಶುಕ್ರವಾರ ಬಸ್ಸಾರು ಮಾಡಿದ್ದ. ವಾಸನೆಗೆ ನನ್ನ ಜೀವ ಮಾಕವಳ್ಳಿಗೆ ಹಾರಿತು. "ಅಣ್ಣ, ನಾಳೆ ಬೆಳಿಗ್ಗೆಗೆ ಒಂಚೂರು ಎತ್ತಿಡು, ಇಬ್ರೂ ಉಣ್ಣಾನ" ಅಂದೆ. ಕೇಳಿದವನು ನಾನು. ಗೋಡೆಯ ಮೇಲೆ ಸರ್ಟಿಫಿಕೇಟು ಇದ್ದವನೂ ನಾನೇ. ಅವನು ಒಂದು ಸಣ್ಣ ಸ್ಟೀಲು ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನ ಮೂಲೆಯಲ್ಲಿಟ್ಟ. ಚೀಟಿ ಅಂಟಿಸು ಎಂದು ಬಾಯಿಗೆ ಬಂತು. ಅಷ್ಟರಲ್ಲಿ ಅವನೇ, "ಮನೆ ಸಾರ್ಗೆ ಎಂಥ ಚೀಟಿ ಬುಡ್ಲಾ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅದೇ ಅಭ್ಯಾಸವಾಯಿತು. ಶನಿವಾರ ಬೆಳಿಗ್ಗೆ ಗ್ಯಾಸಿನ ಒಲೆಯ ಪಕ್ಕ ನಿಂತು ಇಬ್ಬರೂ ನಿನ್ನೆಯ ಸಾರಿನಲ್ಲಿ ಮುದ್ದೆ ನುಂಗುವಾಗ ಶಾರ್ಜಾವೂ ನನ್ನ ಊರೇ ಅನ್ನಿಸುತ್ತಿತ್ತು.

ಅಂಥದೇ ಒಂದು ಶನಿವಾರ ನಾವು ಮುದ್ದೆಗೆ ಎಸರಿಟ್ಟಿದ್ದಾಗ ಬಲದಿಯಾದವರು ಬಂದರು. ಎಲ್ಲ ನೋಡಿದರು, ಎಲ್ಲವೂ ಸರಿ ಇತ್ತು. ಕೊನೆಗೆ ಆ ಸ್ಟೀಲು ಪಾತ್ರೆ ಕೈಗೆ ಸಿಕ್ಕಿತು. ಮುಚ್ಚಳ ತೆಗೆದು, ಸುತ್ತ ತಿರುಗಿಸಿ ಚೀಟಿ ಹುಡುಕಿ, ಇದು ಯಾರದು ಎಂದು ಹಿಂದಿಯಲ್ಲಿ ಕೇಳಿದರು. ಮಾಲೀಕರು ನನ್ನ ಮುಖ ನೋಡಿದರು. ನಾನು ಬೆರಳೆತ್ತಿ ಸಿದ್ದಣ್ಣನನ್ನು ತೋರಿಸಿದೆ. "ಇವನು ಹೊಸಬ, ಎಷ್ಟು ಹೇಳಿದರೂ ಕೇಳುವುದಿಲ್ಲ" ಅಂದೆ. ಥೂ, ನನ್ನ ಬಾಯಿಗಿಷ್ಟು ಬೆಂಕಿ ಬೀಳ. ಸಿದ್ದಣ್ಣನಿಗೆ ಹಿಂದಿ ಬಾರದು, ಆದರೆ ಬೆರಳಿಗೆ ಭಾಷೆ ಬೇಕೇ? ಅವನು ಆ ಬೆರಳನ್ನು ನೋಡಿದ, ನನ್ನನ್ನು ನೋಡಿದ, ಕೈಗವಸು ಬಿಚ್ಚಿ ಕಸದ ಡಬ್ಬಿಗೆ ಹಾಕಿದ. ಬಂದವರು ಒಳ್ಳೆಯವರೇ. ಇನ್ನೊಂದು ಸಲ ಪಾಠ ಹೇಳಿಸಿ ಎಂದು ಬರೆದುಕೊಟ್ಟು ಹೋದರು. ಅಷ್ಟಕ್ಕೇ ಮುಗಿಯಬಹುದಿತ್ತು. ನಿಜ ಹೇಳಿದ್ದರೆ ನನಗೂ ಅಷ್ಟೇ ಆಗುತ್ತಿತ್ತು. ಆದರೆ ಹೇಳಿದರೂ ಕೇಳದವನು ನಮಗೆ ಬೇಡ ಎಂದು ಮಾಲೀಕರು ಅವನನ್ನು ಆ ತಿಂಗಳೇ ಊರಿಗೆ ಕಳಿಸಿದರು. ಕಳಿಸಿದ್ದು ನನ್ನ ಮಾತು, ಆ ಪಾತ್ರೆಯಲ್ಲ.

ಹೊರಡುವ ದಿನ ಅವನ ಪೆಟ್ಟಿಗೆಗೆ ನಾನೇ ಹಗ್ಗ ಕಟ್ಟಿದೆ. ಗಂಟು ಸರಿಯಿಲ್ಲವೆಂದು ಬಿಚ್ಚಿ ಮತ್ತೆ ಕಟ್ಟಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನಾನು ಕಾಲಿಗೆ ಬೀಳುತ್ತಿದ್ದೆ. "ಉಸಾರು" ಎಂದಷ್ಟೇ ಹೇಳಿ ವ್ಯಾನು ಹತ್ತಿದ.

ಆಮೇಲೆ ಎರಡು ವರ್ಷ ಫೋನಿನಲ್ಲಿ ಸಿಗುತ್ತಿದ್ದದ್ದು ಅತ್ತಿಗೆ ಮಾತ್ರ. ಏನು ನಡೆಯಿತೆಂದು ಅವರಿಗೆ ಅವನು ಹೇಳಿಯೇ ಇರಲಿಲ್ಲ. ಮಾಕವಳ್ಳಿಯ ಜಾಗ ಬಿಟ್ಟು ಪಾಂಡವಪುರದಲ್ಲಿ ಮೆಸ್ಸು ತೆರೆದಿದ್ದರು. ಈಗ ಅಲ್ಲಿಯೂ ನೋಂದಣಿ ಬೇಕು, ಕೆಲಸದವರ ಆರೋಗ್ಯದ ಸರ್ಟಿಫಿಕೇಟು, ನೀರಿನ ಪರೀಕ್ಷೆ, ತರಬೇತಿ ಎಲ್ಲ ಬಂದಿದೆ. ಒಂದು ಸಲ ಅತ್ತಿಗೆ ಖುಷಿಯಿಂದ ಹೇಳಿದರು: "ನಿಮ್ಮಣ್ಣ ಶ್ರೀರಂಗಪಟ್ಣದಾಗೆ ಟ್ರೈನಿಂಗ್ ಮುಗಿಸ್ಕಂಡ್ ಬಂದ್ರು ಕಣಪ್ಪ. ಮೇಷ್ಟ್ರು ಕೇಳಿದ್ಕೆಲ್ಲಾ ಇವ್ರೇ ಮುಂದಾಗಿ ಏಳುದ್ರಂತೆ. ಎಲ್ಲಿ ಕಲ್ತ್ರಿ ಅಂದಿದ್ಕೆ, ಪುಟ್ರಾಜ ಅಂತ ಒಬ್ಬ ಕಲಿಸ್ದ ಅಂದ್ರಂತೆ."

ಆ ಮಾತನ್ನು ನಾನು ನನಗೆ ಬೇಕಾದ ಹಾಗೆ ಕೇಳಿಸಿಕೊಂಡೆ. ಅಣ್ಣ ನನ್ನನ್ನು ಮನ್ನಿಸಿದ್ದಾನೆ ಎಂದುಕೊಂಡು ರಜೆ ಹಾಕಿ ಹೊರಟೆ. ಅವನೆದುರು ಕೂತು ತಪ್ಪೊಪ್ಪಿಕೊಳ್ಳಬೇಕು, ಅವನು ನಿನ್ನೆಯ ಸಾರು ಹಾಕಿದರೆ ಎಲ್ಲ ಸರಿಹೋದಂತೆ. ವಿಮಾನದುದ್ದಕ್ಕೂ ಇದೇ ಧ್ಯಾನ.

ಪಾಂಡವಪುರದ ಮೆಸ್ಸಿಗೆ ಹೋದಾಗ ಬೆಳಿಗ್ಗೆ, ಇನ್ನೂ ಗಿರಾಕಿಗಳಿರಲಿಲ್ಲ. ಗೋಡೆಯಲ್ಲಿ ಕಟ್ಟು ಹಾಕಿಸಿದ ನೋಂದಣಿ ಪತ್ರ, ಪಕ್ಕದಲ್ಲಿ ಅವನ ತರಬೇತಿಯ ಸರ್ಟಿಫಿಕೇಟು. ಪ್ರತಿ ಪಾತ್ರೆಗೂ ಅತ್ತಿಗೆಯ ಕೈಬರಹದಲ್ಲಿ, ಕನ್ನಡದಲ್ಲಿ, ವಾರದ ಹೆಸರು ಬರೆದ ಚೀಟಿ. ಒಲೆಯ ಮೇಲೆ ಒಂದು ಸಣ್ಣ ಪಾತ್ರೆ ಬೇರೆಯಾಗಿ ಕುದಿಯುತ್ತಿತ್ತು. ಅದಕ್ಕೆ ಚೀಟಿ ಇರಲಿಲ್ಲ. ಆ ವಾಸನೆಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

"ಬನ್ನಿ, ಕೂತ್ಕಳಿ" ಅಂದ ಸಿದ್ದಣ್ಣ. ನನಗೆ ಬನ್ನಿ! ಟೇಬಲ್ಲು ಒರೆಸಿ, ಎಲೆ ಹಾಕಿ, ಬಿಸಿ ಮುದ್ದೆ ಇಟ್ಟು, ದೊಡ್ಡ ಪಾತ್ರೆಯಿಂದ ಹೊಸ ಬಸ್ಸಾರು ಬಿಟ್ಟ.

"ಅಣ್ಣಾ, ಅವತ್ತು ನಾನು..."

"ಉಣ್ಣಿ, ಆರೋಯ್ತದೆ."

ನಾನು ಮುದ್ದೆ ಮುರಿಯಲಿಲ್ಲ. ಒಲೆಯ ಕಡೆ ನೋಡಿ, "ಅಣ್ಣ, ನೆನ್ನೇದು ಒಂಚೂರು ಆಕು" ಅಂದೆ. ನನ್ನ ದನಿ ನನಗೇ ಭಿಕ್ಷೆ ಕೇಳಿದಂತೆ ಕೇಳಿಸಿತು.

ಅವನಿಗೆ ಸಿಟ್ಟಿರಲಿಲ್ಲ. ಸೌಟನ್ನು ತೊಳೆದು ಮೊಳೆಗೆ ಸಿಕ್ಕಿಸಿ, ಕೈಯನ್ನು ಮೊಣಕೈವರೆಗೆ ಒರೆಸಿಕೊಂಡು ಹೇಳಿದ: "ಗಿರಾಕಿಗೆ ಅದ್ನ ಆಕಂಗಿಲ್ಲ. ಅದು ಮನೆಯೋರ್ಗೆ."

ಆಮೇಲೆ ಅವನೂ ಅತ್ತಿಗೆಯೂ ಒಲೆಯ ಪಕ್ಕ ಕೂತು ಉಂಡರು. ನಾನು ಟೇಬಲ್ಲಿನಲ್ಲಿ ಒಬ್ಬನೇ ಉಂಡೆ. ಈಗ ಮತ್ತೆ ಶಾರ್ಜಾದಲ್ಲಿದ್ದೇನೆ. ದಿನಾ ಸಂಜೆ ಪಾತ್ರೆಗಳಿಗೆ ಚೀಟಿ ಅಂಟಿಸುತ್ತೇನೆ, ಹೊತ್ತು ಮೀರಿದ್ದನ್ನು ನಾನೇ ಮೋರಿಗೆ ಸುರಿಯುತ್ತೇನೆ. ಊಟ ಎರಡೂ ಕಡೆ ಸಿಗುತ್ತದೆ. ನಿನ್ನೆಯ ಸಾರು ಈಗ ನನಗೆ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.