ಕಳಿಯೂ ಕಲಿಯೂ

ಮೊನ್ನೆ ಉಪ್ಪಳದ ಅಂಗಡಿಯೊಂದರಲ್ಲಿ ಆಟಿಕೆಗಳ ಕಟ್ಟು ಬಿಚ್ಚುತ್ತಿದ್ದರು. ಹೊಸ ಪ್ಲಾಸ್ಟಿಕ್ಕಿನ ವಾಸನೆ. ನಿಮಗೆ ಅದರಿಂದ ಬಾಲ್ಯ ನೆನಪಾಗಬಹುದು. ನನಗೆ ಸಿಟ್ಟು ನೆತ್ತಿಗೇರುತ್ತದೆ. ನನ್ನ ಸಿಟ್ಟಿಗೆ ಕಾರಣವೇ ಬೇಡ ಎನ್ನುತ್ತಾಳೆ ಹೆಂಡತಿ. ಆದರೆ ಈ ಸಿಟ್ಟಿಗೆ ಕಾರಣ ಇದೆ.

ಹದಿನೈದು ವರ್ಷಗಳ ಹಿಂದೆ ನಮ್ಮ ಗಡಿಯೂರನ್ನು ಆಳುವ ಮಲೆಯಾಳ ಸರ್ಕಾರಕ್ಕೆ ಯಾವುದೋ ಚಳಿದೇಶದ ಶಾಲೆಗಳ ಮೇಲೆ ಮೋಹ ಹುಟ್ಟಿತು. ಅಲ್ಲಿ ಮಕ್ಕಳು ಆಡುತ್ತಲೇ ಕಲಿಯುತ್ತಾರಂತೆ, ಆ ದೇಶ ಉದ್ಧಾರವಾದದ್ದೇ ಅದರಿಂದಂತೆ. ಅಧಿಕಾರಿಗಳು ವಿಮಾನ ಹತ್ತಿ ಹೋಗಿ ನೋಡಿ ಬಂದರು. ಮಂಗಲ್ಪಾಡಿಯ ನಮ್ಮ ಕನ್ನಡ ಶಾಲೆಯಿಂದ ಬೆಂಚುಗಳು ಹೊರಗೆ ಹೋದವು, ಬಣ್ಣದ ಪ್ಲಾಸ್ಟಿಕ್ ಚೆಂಡು, ಆಟದ ಬಳೆ, ಚಾಪೆ ಒಳಗೆ ಬಂದವು. ಜೊತೆಗೆ ಮಲೆಯಾಳ ಮಾತ್ರ ಆಡುವ ತೆಂಕು ಜಿಲ್ಲೆಯಿಂದ ಒಬ್ಬ ಹೊಸ ಟೀಚರ್. ಒಳ್ಳೆಯ ಹುಡುಗಿ, ಪಾಪ. ಕನ್ನಡದ ಒಂದಕ್ಷರವೂ ಬಾರದು.

ಆ ವಾರವೇ ಅಧಿಕಾರಿಯೊಬ್ಬರು ಮಾದರಿ ತರಗತಿ ನೋಡಲು ಬಂದರು. ನಾವು ತಂದೆತಾಯಿಯರು ಹಿಂದೆ ನಿಂತಿದ್ದೆವು. ಟೀಚರ್ ಕೈತಟ್ಟಿ, "ಎಲ್ಲಾರುಂ ಕಳಿಕ್ಕೂ!" ಎಂದರು. ಮಲೆಯಾಳದಲ್ಲಿ 'ಎಲ್ಲರೂ ಆಡಿ' ಎಂದು ಅರ್ಥ. ಮನೆಯಲ್ಲಿ ತುಳು, ಕನ್ನಡ ಮಾತಾಡುವ ಮಕ್ಕಳ ಕಿವಿಗೆ ಬಿದ್ದದ್ದು 'ಕಲಿ'. ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಮಗ್ಗಿ ಶುರುಮಾಡಿದರು. ಟೀಚರ್ "ಕಳಿಕ್ಕೂ, ಕಳಿಕ್ಕೂ" ಎಂದಷ್ಟೂ ಮಗ್ಗಿ ಜೋರಾಯಿತು. ಮೂರನೇ ಕ್ಲಾಸಿನ ನನ್ನ ಮಗಳದ್ದು ಎಲ್ಲರಿಗಿಂತ ದೊಡ್ಡ ಗಂಟಲು. ನಾನು ನಕ್ಕುಬಿಟ್ಟೆ.

ಅಧಿಕಾರಿ ನಗಲಿಲ್ಲ. ಮಗಳ ಕಡೆ ಬೆರಳು ತೋರಿಸಿ, "ಪಿನ್ನೋಕ್ಕಂ" ಎಂದರು. ಹಿಂದುಳಿದವಳು!

"ಸಾರ್, ಆ ದೇಶದಲ್ಲಿ ಟೀಚರು ಮಕ್ಕಳ ಹತ್ರ ಯಾವ ಭಾಷೆಯಲ್ಲಿ ಮಾತಾಡುದು?" ಎಂದು ಕೇಳಿದೆ.

"ಆ ಮಕ್ಕಳ ಭಾಷೆಯಲ್ಲೇ, ಮತ್ತೆಂತ?" ಎಂದು ಮಲೆಯಾಳದಲ್ಲಿ ಹೇಳಿ ಚಹಾಕ್ಕೆ ಹೊರಟರು. ತಾವು ಹೇಳಿದ್ದು ತಮಗೇ ಕೇಳಿಸಲಿಲ್ಲ. ಹುಲಿಯನ್ನು ನೋಡಿ ನರಿ ಮೈಸುಟ್ಟುಕೊಂಡಿತು ಅನ್ನುತ್ತಾರಲ್ಲ, ಈ ನರಿ ಸುಟ್ಟದ್ದು ನಮ್ಮ ಮಕ್ಕಳ ಮೈಯನ್ನು.

ಮನೆಗೆ ಬರುವ ದಾರಿಯಲ್ಲಿ ಮಗಳು ಕೇಳಿದಳು. "ಅಪ್ಪ, ಪಿನ್ನೋಕ್ಕಂ ಅಂದ್ರೆ ಎಂತ? ಆಟದ ಹೆಸರಾ?"

ಅರ್ಥ ಅವಳಿಗೆ ಬೇರೆ ಯಾರೋ ಹೇಳಿರಬೇಕು. ಆಮೇಲೆ ಅವಳು ತರಗತಿಯಲ್ಲಿ ಬಾಯಿ ಬಿಡಲೇ ಇಲ್ಲ. ಕಾಲೇಜು ಮುಗಿಯುವವರೆಗೂ ಹಿಂದಿನ ಸಾಲು, ತಗ್ಗಿದ ತಲೆ.

ಈಗ ಅದೇ ಶಾಲೆಗೆ ಮತ್ತೆ ಕನ್ನಡ ಬಾರದ ಟೀಚರ್ ಬಂದಿದ್ದಾರೆ. ಊರವರು ಗೇಟಿನ ಎದುರು ಧರಣಿ ಕೂತಿದ್ದಾರೆ. ಇವತ್ತು ಬೆಳಿಗ್ಗೆ ನಾನು ಅಲ್ಲಿ ಹೇಳಬೇಕಾದ ಬೈಗುಳಗಳನ್ನೆಲ್ಲ ಮನಸ್ಸಿನಲ್ಲೇ ಜೋಡಿಸುತ್ತ ಚಪ್ಪಲಿ ಮೆಟ್ಟುತ್ತಿದ್ದೆ. ಮಗಳು ಕೊಡೆ ಹಿಡಿದು ಅಂಗಳಕ್ಕಿಳಿದಳು.

"ನೀವು ಬೈದು ಕೆಲಸ ಕೆಡಿಸ್ತೀರಿ ಅಪ್ಪ. ಸುಮ್ಮನೆ ಕೂತುಕೊಳ್ಳಿ. ಅಲ್ಲಿ ನಾನು ಮಾತಾಡ್ತೇನೆ."